ಎರಡು ಸೀಟು, ಒಂದು ತಲೆ

ಲಾಲೊನ ಪೀಕಲಾಟಕ್ಕೆಲ್ಲ ಮೂಲ ಅವನ ಕೂದಲು. ಹುಡುಗ ಓದಿನಲ್ಲಿ ಸುಮಾರು, ಫುಟ್‌ಬಾಲಿನಲ್ಲಿ ಸುಮಾರಿಗಿಂತ ಕಡೆ, ನೋಡಲು ಪರವಾಗಿಲ್ಲ. ಆದರೆ ಕೂದಲು ಮಾತ್ರ, ದೇವರಾಣೆಗೂ, ಇಡೀ ಆರೆಕೀಪಾ ಊರಿನಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಕಪ್ಪಗೆ, ಗುಂಗುರು ಗುಂಗುರಾಗಿ, ಭುಜದ ತನಕ ಇಳಿಬಿದ್ದ ಆ ರಾಶಿಯನ್ನು ಅವನು ಎರಡು ವರ್ಷ ಕೂಸನ್ನು ಸಾಕಿದಂತೆ ಸಾಕಿದ್ದ.

ಅವನ ಅಮ್ಮ ಕ್ಲೋರಿಂದಾ ಮನೆಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡು ಶಾಲಾ ಮಕ್ಕಳ ಯೂನಿಫಾರ್ಮ್ ಹೊಲಿಯುವವಳು. ಬಟ್ಟೆಗೆ ಕತ್ತರಿ ಹಾಕುವಾಗಲೆಲ್ಲ ಮಗನ ತಲೆ ಕಡೆ ಒಮ್ಮೆ ಕಣ್ಣು ಹಾಯಿಸುವಳು.

"ಬೆಳಸ್ಕೊ, ಬೆಳಸ್ಕೊ. ಯೂನಿವರ್ಸಿಟಿ ಸೀಟು ಸಿಕ್ಕಿದ ದಿನ ಮೊದಲ ಕತ್ತರಿ ನಂದೇ. ಚಾಪಿ ಮಾತೆಗೆ ಆ ಕೂದಲು ಒಪ್ಪಿಸ್ತೀನಿ ಅಂತ ಹರಕೆ ಹೊತ್ತಿದೀನಿ."

ನಮ್ಮ ಕಡೆ ಪದ್ಧತಿಯೇ ಹಾಗೆ. ಯೂನಿವರ್ಸಿಟಿಗೆ ಹೊಸದಾಗಿ ಸೀಟು ಸಿಕ್ಕವನಿಗೆ ಕಚಿಂಬೊ ಎನ್ನುತ್ತೇವೆ. ಅವತ್ತಿನ ಮಟ್ಟಿಗೆ ಕಚಿಂಬೊನ ತಲೆ ಅವನದಲ್ಲ, ಬೀದಿಯವರದು. ಮನೆಯವರು, ನೆರೆಯವರು, ಹಾಲು ತರುವವನು, ಹಾದಿಹೋಕರು, ಎಲ್ಲರೂ ಒಂದೊಂದು ಕಡೆ ಕತ್ತರಿ ಆಡಿಸಿ, ಮೊಟ್ಟೆ ಒಡೆದು, ಮೈದಾ ಎರಚಿ, ಕೊನೆಗೆ ನುಣ್ಣಗೆ ಬೋಳಿಸಿಯೇ ಬಿಡುವುದು. ಫೆಬ್ರವರಿ ತಿಂಗಳಲ್ಲಿ ಬೋಳುತಲೆಯ ಹುಡುಗ ಬಸ್ಸು ಹತ್ತಿದರೆ ಗುರುತು ಪರಿಚಯ ಇಲ್ಲದವರೂ ತಲೆ ಸವರಿ, "ಯಾವ ಯೂನಿವರ್ಸಿಟಿ ಮಗಾ?" ಎಂದು ಕೇಳುತ್ತಾರೆ. ತಾಯಂದಿರು ತಮ್ಮ ಮಕ್ಕಳಿಗೆ ಆ ತಲೆಯನ್ನು ತೋರಿಸಿ ಬುದ್ಧಿ ಹೇಳುತ್ತಾರೆ.

ಕ್ಲೋರಿಂದಾಗೆ ಇದ್ದದ್ದು ಒಂದೇ ಆಸೆ. ಅವಳು ಹೊಲಿದ ಯೂನಿಫಾರ್ಮನ್ನು ಪೇಟೆಯ ಅಂಗಡಿಯವನು ಅಗ್ಗಕ್ಕೆ ಕೊಂಡು ತನ್ನ ಹೆಸರಿನ ಚೀಟಿ ಹಚ್ಚಿ ಮಾರುತ್ತಿದ್ದ. ಮಗ ವ್ಯಾಪಾರದ ಡಿಗ್ರಿ ಓದಿ ಬಂದರೆ ನಮ್ಮದೇ ಅಂಗಡಿ, ನಮ್ಮದೇ ಚೀಟಿ ಎಂದು ಅವಳ ಲೆಕ್ಕ. ಅದಕ್ಕಾಗಿಯೇ ಲಾಲೊನನ್ನು ಒಂದು ವರ್ಷ ಕೋಚಿಂಗ್ ಕ್ಲಾಸಿಗೆ ಅಟ್ಟಿದ್ದಳು. ಅವನು ಎರಡು ಕಡೆ ಪರೀಕ್ಷೆ ಬರೆದಿದ್ದ. ಒಂದು ಊರಿನಲ್ಲೇ ಇದ್ದ ಪಾದ್ರಿಗಳ ಸಂತ ಬ್ರುನೋ ಯೂನಿವರ್ಸಿಟಿ. ಅಲ್ಲಿ ಬೆಳಗಾಗೆದ್ದು ಪ್ರಾರ್ಥನೆ, ಕೊರಳಿಗೆ ಟೈ, ಮಧ್ಯಾಹ್ನ ಮನೆಗೆ ಬಂದು ಅಮ್ಮನ ಕೈ ಬಿಸಿ ಊಟ. ಇನ್ನೊಂದು ಉತ್ತರದ ಕಡಲ ತೀರದ ತ್ರುಹಿಯೊ ಊರಿನದು. ಆ ಯೂನಿವರ್ಸಿಟಿಯವರು ಹಂಚಿದ ಬಣ್ಣದ ಹಾಳೆಯಲ್ಲಿ ಹುಡುಗರು ಹುಡುಗಿಯರು ಹುಲ್ಲಿನ ಮೇಲೆ ಕೂತು ನಗುತ್ತಿದ್ದರು, ಮರಳಿನಲ್ಲಿ ವಾಲಿಬಾಲ್ ಆಡುತ್ತಿದ್ದರು. ಪುಸ್ತಕ ಬಿಡಿಸಿದವನು ಒಬ್ಬನೂ ಇರಲಿಲ್ಲ. ಲಾಲೊ ಆ ಹಾಳೆಯನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದ.

ಕಾರ್ನಿವಲ್ ಹಬ್ಬದ ಶುಕ್ರವಾರ ಬೆಳಗ್ಗೆ ಅವನು ಬೀದಿ ಮೂಲೆಯ ಎದೆಲ್ಮೀರಾಳ ಅಂಗಡಿಗೆ ಹೋದ. ಇಡೀ ಬೀದಿಗೆ ಇದ್ದದ್ದು ಅದೊಂದೇ ಫೋನು. ಅದರ ಪಕ್ಕದಲ್ಲಿ ಖಾಲಿ ಬಾಟಲಿಗಳ ಕ್ರೇಟಿನ ಮೇಲೆ ಒವಿದಿಯೊ ಕೂತಿದ್ದ. ಲಾಲೊನ ಕೋಚಿಂಗ್ ಕ್ಲಾಸಿನವನೇ. ತ್ರುಹಿಯೊದಲ್ಲಿ ಸೀಟು ಸಿಕ್ಕಿತೆಂದು ಮಂಗಳವಾರವೇ ತಲೆ ಬೋಳಿಸಿಕೊಂಡು ಬೀದಿಯವರಿಂದೆಲ್ಲ ಶಭಾಷ್‌ಗಿರಿ ಪಡೆದವನು.

"ಇಲ್ಲೇನೋ ಮಾಡ್ತಿದೀಯ?"

"ಚಿಕ್ಕಮ್ಮನ ಫೋನ್ ಬರೋದಿದೆ," ಎಂದ ಒವಿದಿಯೊ. ಪಾಪ, ಮಂಗಳವಾರದಿಂದಲೂ ಅವನು ಅದೇ ಕ್ರೇಟಿನ ಮೇಲೆ ಕೂತು ಚಿಕ್ಕಮ್ಮನ ಫೋನು ಕಾಯುತ್ತಿದ್ದ.

ಲಾಲೊ ಗೋಡೆಗೆ ಮುಖ ಮಾಡಿ, ಬಾಯಿಗೆ ಕೈ ಅಡ್ಡ ಹಿಡಿದು, ಮೊದಲು ಸಂತ ಬ್ರುನೋಗೆ ಫೋನ್ ಮಾಡಿದ. ಸೀಟು ಸಿಕ್ಕಿತ್ತು. ಆಮೇಲೆ ತ್ರುಹಿಯೊಗೆ ಮಾಡಿದ. ಅಲ್ಲೂ ಸಿಕ್ಕಿತ್ತು! ಸೇರುತ್ತೀಯೋ ಇಲ್ಲವೋ ಈಗಲೇ ಹೇಳು, ಹಿಂದೆ ಕಾಯುವವರ ಸಾಲು ಉದ್ದ ಇದೆ ಎಂದು ಎರಡೂ ಕಡೆಯವರು ಅವಸರ ಮಾಡಿದರು. ಬಿಸಿ ಊಟವೋ, ವಾಲಿಬಾಲೋ? ಅಷ್ಟರಲ್ಲಿ ಎದೆಲ್ಮೀರಾ ಸಾಬೂನಿನ ಡಬ್ಬ ಒರೆಸುವ ನೆಪದಲ್ಲಿ ಬೆನ್ನ ಹಿಂದೆಯೇ ಬಂದು ನಿಂತಿದ್ದಳು.

"ಸಂಜೆ ಐದಕ್ಕೆ ನೀವೇ ಇದೇ ನಂಬರಿಗೆ ಮಾಡಿ, ಹೇಳ್ತೀನಿ," ಎಂದು ಮೊದಲಿನವರಿಗೆ ಹೇಳಿದ್ದನ್ನೇ ಇವರಿಗೂ ಪಿಸುಗುಟ್ಟಿ ಲಾಲೊ ಫೋನ್ ಇಟ್ಟ. ಐದಕ್ಕೆ ಉತ್ತರ ಸಿಗದಿದ್ದರೆ ಮುಂದಿನವನಿಗೆ ಕೊಡುತ್ತೇವೆ ಎಂದು ಅವರು ಹೇಳಿದ್ದು ಅವನಿಗೆ ಕೇಳಿಸಿತ್ತು.

ಅವನು ತಿರುಗಿದಾಗ ಎದೆಲ್ಮೀರಾಳ ಕೈಯಲ್ಲಿ ದಾರ ಕತ್ತರಿಸುವ ಕತ್ತರಿ ಇತ್ತು.

"ಏನಂತೋ ಲಾಲೊ? ಸಿಕ್ತಾ?" ಅವಳ ಕಣ್ಣು ಅವನ ಮುಖದ ಮೇಲಿರಲಿಲ್ಲ, ಅದಕ್ಕಿಂತ ಒಂದು ಗೇಣು ಮೇಲಿತ್ತು.

ಬೇರೆ ದಿನವಾಗಿದ್ದರೆ ಲಾಲೊ ಕುಣಿದಾಡಿಬಿಡುತ್ತಿದ್ದ. ಆದರೆ ಅವತ್ತು ರಾತ್ರಿ ಬೀದಿಯಲ್ಲಿ ಕಾರ್ನಿವಲ್ ನೃತ್ಯ. ರೋಸಾಲ್ಬಾ ಬರುತ್ತಾಳೆ. ಹೋದ ತಿಂಗಳು ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಬಗ್ಗಿ, "ನಿನ್ನ ಕೂದಲಿಗೆ ಯಾವ ಶಾಂಪೂ ಹಾಕ್ತೀಯೋ?" ಎಂದು ತಾನಾಗಿ ಕೇಳಿದ ರೋಸಾಲ್ಬಾ! ಇದಕ್ಕಿಂತ ಬಾಯಿಬಿಟ್ಟು ಒಂದು ಹುಡುಗಿ ಇನ್ನು ಹೇಗೆ ಹೇಳಬೇಕು? ಇವತ್ತೊಂದು ರಾತ್ರಿ ಕೂದಲು ಉಳಿದರೆ ಸಾಕು, ನಾಳೆ ಬೆಳಗ್ಗೆ ಊರಿನವರೆಲ್ಲ ಬಂದು ಬೋಳಿಸಿ ಹಾಕಲಿ ಎಂದುಕೊಂಡ ಲಾಲೊ.

"ಇಲ್ಲ ಅತ್ತೆ," ಎಂದ ತಲೆ ತಗ್ಗಿಸಿ. "ಸಿಗ್ಲಿಲ್ಲ."

"ಎರಡ್ರಲ್ಲೂ?"

"ಎರಡ್ರಲ್ಲೂ."

ಎದೆಲ್ಮೀರಾ ಕತ್ತರಿ ಕೆಳಗಿಟ್ಟು ಏಪ್ರನ್ನಿನಿಂದ ಕಣ್ಣೊರೆಸಿಕೊಂಡಳು. "ಅಯ್ಯೋ ನನ್ನ ಕಂದಾ! ನೀನೇನೂ ಯೋಚನೆ ಮಾಡ್ಬೇಡ. ನಾನು ಒಂದು ನರಪಿಳ್ಳೆಗೂ ಹೇಳಲ್ಲ," ಎಂದು ಒಂದು ಸಿಹಿ ಬ್ರೆಡ್ ಕೈಗೆ ತುರುಕಿದಳು.

ಅವನು ಬ್ರೆಡ್ ತಿಂದು ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಮುಟ್ಟಿತ್ತು. ಹೊಲಿಗೆ ಮೆಷಿನ್ ನಿಂತಿತ್ತು. ಕ್ಲೋರಿಂದಾ ಬೈಯುತ್ತಾಳೆ, ಚಪ್ಪಲಿ ಎಸೆಯುತ್ತಾಳೆ ಎಂದು ಅವನು ಬಾಗಿಲಲ್ಲೇ ತಯಾರಾಗಿ ನಿಂತ. ಅವಳು ಏನೂ ಮಾಡಲಿಲ್ಲ. ಒಲೆಯ ಮೇಲೆ ಹಬ್ಬಕ್ಕೆ ಮಾತ್ರ ಮಾಡುವ ತುಂಬುಮೆಣಸಿನಕಾಯಿ ಬೇಯುತ್ತಿತ್ತು, ಮೇಲೆ ಚೀಸ್ ಕರಗುತ್ತಿತ್ತು.

"ಕೂತ್ಕೊ, ಉಣ್ಣು," ಎಂದಳು. "ತಪ್ಪು ನಂದೇ ಕಣೋ. ದಿನವೆಲ್ಲ ಈ ಮೆಷಿನ್ನಿನ ಗಡಗಡ. ಇದ್ರ ಮಧ್ಯೆ ನೀನು ಓದೋದಾದ್ರೂ ಹೇಗೆ?"

ಲಾಲೊನಿಗೆ ನಾಚಿಕೆಯಿಂದ ಸತ್ತುಹೋಗುವಂತಾಯಿತು. ಕೂದಲು ಹಾಳಾಗಿ ಹೋಗಲಿ, ಹೇಳಿಬಿಡೋಣ ಎಂದು ಅವನು "ಅಮ್ಮಾ..." ಎಂದು ಬಾಯಿ ತೆಗೆದ. ಅದೇ ಹೊತ್ತಿಗೆ ಅವಳು ಯಾವುದೋ ದಾರ ಕತ್ತರಿಸಲು ಆ ದೊಡ್ಡ ಕತ್ತರಿಯನ್ನು ಎತ್ತಿಕೊಂಡಳು. ಅಲಗು ಬಿಸಿಲಿಗೆ ಫಳಕ್ಕೆಂದಿತು.

"ಏನೋ?"

"ಉಪ್ಪು ಸರಿಯಾಗಿದೆ," ಎಂದ ಲಾಲೊ.

ಊಟವಾದ ಮೇಲೆ ಅವಳು ಶಾಲು ಹೊದ್ದುಕೊಂಡು, "ಒಂದು ಕೆಲಸ ಇದೆ, ಸಂಜೆಗೆ ಬರ್ತೀನಿ," ಎಂದು ಹೊರಟುಹೋದಳು. ಲಾಲೊ ಕನ್ನಡಿ ಮುಂದೆ ನಿಂತ. ರಾತ್ರಿ ನೃತ್ಯ ಮುಗಿದ ತಕ್ಷಣ ಅಮ್ಮನ ಕಾಲು ಹಿಡಿದು ಎಲ್ಲ ಹೇಳಬೇಕು. ಐದು ಗಂಟೆಗೆ ಮಾತ್ರ ಫೋನಿನ ಹತ್ತಿರ ಇರಬೇಕು, ಅಷ್ಟರಲ್ಲಿ ಊಟವೋ ಕಡಲೋ ಎಂದು ತೀರ್ಮಾನ ಮಾಡಬೇಕು. ಹೀಗೆ ಲೆಕ್ಕ ಹಾಕುತ್ತ ಅವನು ಹೊರಗೆ ಕಾಲಿಟ್ಟನೋ ಇಲ್ಲವೋ, ಯಾರೋ ಕುತ್ತಿಗೆ ಪಟ್ಟಿ ಹಿಡಿದರು.

ಹಿಡಿದವರು ಸಾರ್ಜೆಂಟ್ ಎಲಿಯೋದೊರೊ. ಕುದುರೆ ಪಡೆಯಿಂದ ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಪಡೆಯ ಕುದುರೆಗಳ ಕೂದಲು ಕತ್ತರಿಸುತ್ತಿದ್ದ ಮೆಷಿನ್ನನ್ನು ಎಣ್ಣೆ ಹಾಕಿ ಜೋಪಾನವಾಗಿ ಇಟ್ಟುಕೊಂಡಿದ್ದರು. ಬೀದಿಯ ಕಚಿಂಬೊಗಳಿಗೆಲ್ಲ ಕೊನೆಯ ಕೈ ಅವರದೇ. ಇವತ್ತೂ ಆ ಮೆಷಿನ್ ಕೋಟಿನ ಜೇಬಿನಲ್ಲಿ ಉಬ್ಬಿಕೊಂಡಿತ್ತು.

"ಎದೆಲ್ಮೀರಾ ಹೇಳಿದ್ಲು," ಎಂದರು ಗದ್ಗದಿತರಾಗಿ. "ಎದೆಗುಂದಬೇಡ್ವೋ. ನಾಳೆ ನನ್ನ ಜೊತೆ ಬಾ, ಪಡೆಗೆ ಸೇರಿಸ್ತೀನಿ. ಮೂರು ಹೊತ್ತು ಊಟ, ಬೂಟು, ಬಂದೂಕು. ಮೊದಲ ದಿನವೇ ನುಣ್ಣಗೆ ತಲೆ ಬೋಳಿಸ್ತಾರೆ, ಎಣ್ಣೆ ಖರ್ಚೂ ಉಳಿಯುತ್ತೆ."

"ಬೇಡಿ ಸಾರ್ಜೆಂಟ್ರೇ, ನನಗೆ ಸ್ವಲ್ಪ ಕೆಲಸ..."

"ಕೆಲಸವಂತೆ ಕೆಲಸ! ಫೇಲಾದವನಿಗೆ ಎಂಥ ಕೆಲಸ? ನಡಿ, ಚಿಚಾ ಕುಡಿಸ್ತೀನಿ. ದುಃಖವನ್ನ ಒಣಗೋಕೆ ಬಿಡಬಾರದು, ಬೂಟ್ ಪಾಲಿಶ್ ಥರ ಗಟ್ಟಿಯಾಗಿಬಿಡುತ್ತೆ."

ಚಿಚಾ ಎಂದರೆ ನಮ್ಮ ಕಡೆಯ ಮೆಕ್ಕೆಜೋಳದ ಹುಳಿಪಾನ. ಅದು ಸಿಗುವ ಊಟದ ಮನೆ ರೋಸಾಲ್ಬಾಳ ಅಪ್ಪನದು. ಆ ಆಸೆಗೆ ಲಾಲೊ ಹೆಚ್ಚು ಎಳೆದಾಡಲಿಲ್ಲ. ಆದರೆ ಒಳಗೆ ಹೋಗಿ ನೋಡಿದರೆ ಉದ್ದ ಮೇಜಿನ ತುಂಬ ಬೀದಿಯ ಗಂಡಸರು. ಅವನು ಬಂದದ್ದೇ ಎಲ್ಲರೂ ಎದ್ದುನಿಂತರು, ಹೆಣ ಬಂದಾಗ ಏಳುತ್ತಾರಲ್ಲ, ಹಾಗೆ. ಕ್ಷೌರದ ಫಿದೆನ್ಸಿಯೊ ಅವನಿಗೆ ಜಾಗ ಬಿಟ್ಟ.

"ನಾನೂ ಫೇಲೇ ಕಣಪ್ಪ," ಎಂದ ಫಿದೆನ್ಸಿಯೊ. "ವೈದ್ಯ ಆಗ್ಬೇಕು ಅಂತಿದ್ದೆ. ಈಗ ನೋಡು, ಕತ್ತರಿ ಬಿಟ್ಟಿಲ್ಲ ತಾನೆ?"

ಒಬ್ಬೊಬ್ಬರೂ ತಮ್ಮ ತಮ್ಮ ಸೋಲಿನ ಕತೆ ಶುರುಮಾಡಿದರು. ಒಬ್ಬನ ಕತೆ ಮುಗಿಯುವ ಮೊದಲೇ ಇನ್ನೊಬ್ಬ, ಒಂದು ಲೋಟ ಖಾಲಿಯಾಗುವ ಮೊದಲೇ ಇನ್ನೊಂದು. ಲಾಲೊ ಏಳಲು ಹೋದರೆ ಸಾರ್ಜೆಂಟರ ಕೈ ಭುಜದ ಮೇಲೆ ಬಂಡೆಯಂತೆ ಕೂರುತ್ತಿತ್ತು. "ಒಂಟಿಯಾಗಿ ಬಿಡಬೇಡಿ ಇವನನ್ನ, ಏನಾದ್ರೂ ಮಾಡ್ಕೊಂಡಾನು," ಎಂದು ಅವರು ಸುತ್ತಲಿನವರಿಗೆ ಕಣ್ಸನ್ನೆ ಮಾಡಿದರು.

ಅಷ್ಟರಲ್ಲಿ ಹೂಜಿ ಹಿಡಿದು ರೋಸಾಲ್ಬಾ ಬಂದಳು. ಲಾಲೊ ತಲೆ ಒಮ್ಮೆ ಕೊಡವಿ ಗುಂಗುರನ್ನು ಹಣೆಯ ಮೇಲೆ ಬೀಳಿಸಿಕೊಂಡ.

"ಎರಡೂ ಹೋಯ್ತಂತೆ?" ಎಂದಳು ರೋಸಾಲ್ಬಾ ಲೋಟ ತುಂಬಿಸುತ್ತ.

"ಹೋದ್ರೆ ಹೋಗ್ಲಿ. ರಾತ್ರಿ ನೃತ್ಯಕ್ಕೆ ನನ್ನ ಜೊತೆ..."

"ಅಯ್ಯೋ, ಒವಿದಿಯೊಗೆ ಮಾತು ಕೊಟ್ಟಾಯ್ತಲ್ಲೋ."

"ಒವಿದಿಯೊನಾ? ಆ ಬೋಳುತಲೆಯವನಾ?"

"ಅದಕ್ಕೇ ಮತ್ತೆ! ಈ ತಿಂಗಳು ಬೋಳುತಲೆ ಅಲ್ಲದವನ ಜೊತೆ ಯಾವ ಹುಡುಗಿ ಕುಣೀತಾಳೆ? ನನ್ನ ಗೆಳತಿಯರೆಲ್ಲ ಕಚಿಂಬೊಗಳನ್ನೇ ಹಿಡಿದಿದಾರೆ. ನಾನೊಬ್ಬಳು ಇಷ್ಟುದ್ದ ಕೂದಲಿನವನ ಜೊತೆ ಹೋದ್ರೆ ಏನಂದ್ಕೋತಾರೆ?"

"ಮತ್ತೆ ಬಸ್ಸಲ್ಲಿ ಶಾಂಪೂ ಕೇಳಿದ್ಯಲ್ಲ?"

"ನನ್ನ ನಾಯಿಗೆ ಕೂದಲು ಉದುರ್ತಿತ್ತು, ಅದಕ್ಕೆ ಕೇಳ್ದೆ," ಎಂದಳು ರೋಸಾಲ್ಬಾ. ಅವಳ ಮುಖದಲ್ಲಿ ಕುಹಕದ ಲವಲೇಶವೂ ಇರಲಿಲ್ಲ. ಅದೇ ಲಾಲೊನನ್ನು ಹೆಚ್ಚು ಉರಿಸಿತು.

ಅವನು ಬೆಂಚಿನ ಮೇಲೆ ಹತ್ತಿ ನಿಂತುಬಿಟ್ಟ.

"ನಾನು ಫೇಲಾಗಿಲ್ಲ! ನನಗೂ ಸೀಟು ಸಿಕ್ಕಿದೆ! ಒಂದಲ್ಲ, ಎರಡೂ ಕಡೆ ಸಿಕ್ಕಿದೆ!"

ಸಾರ್ಜೆಂಟರು ಮೆಲ್ಲಗೆ, "ನಾನು ಹೇಳ್ಲಿಲ್ವಾ? ತಲೆಗೇ ಹೊಡೆದುಬಿಟ್ಟಿದೆ ಪಾಪ," ಎಂದರು. ಫಿದೆನ್ಸಿಯೊ ಅವನ ನಾಡಿ ಹಿಡಿದು ನೋಡಿದ. ಯಾರೋ ನೀರು ತರಲು ಓಡಿದರು.

"ಚಾಪಿ ಮಾತೆಯ ಆಣೆ! ನಂಬಿಕೆ ಇಲ್ಲದಿದ್ರೆ ತಗೊಳ್ಳಿ," ಎಂದು ಲಾಲೊ ಕೂದಲನ್ನೆಲ್ಲ ಮುಂದಕ್ಕೆ ತಳ್ಳಿ, ಕುರಿ ಬಗ್ಗಿದ ಹಾಗೆ ತಲೆ ಬಗ್ಗಿಸಿ ನಿಂತ. "ಬೋಳಿಸಿ! ಸೀಟು ಸಿಗದವನು ಯಾವನಾದ್ರೂ ತಾನಾಗಿ ತಲೆ ಕೊಡ್ತಾನಾ?"

ಸೀಟಿಲ್ಲದೆ ತಲೆ ಬೋಳಿಸಿಕೊಂಡವನನ್ನು ನಮ್ಮ ಬೀದಿ ಅದುವರೆಗೆ ಕಂಡಿರಲಿಲ್ಲ, ಅಥವಾ ಕಂಡಿಲ್ಲ ಎಂದು ತಿಳಿದಿತ್ತು. ಸಾರ್ಜೆಂಟರು ಹೋ ಎಂದು ಕೂಗಿ ಜೇಬಿನಿಂದ ಮೆಷಿನ್ ಎಳೆದರು. ಅಡಿಗೆಮನೆಯಿಂದ ಮೊಟ್ಟೆ ಬಂದವು, ಮೈದಾ ಬಂತು, ಕೋಳಿ ಕತ್ತರಿಸುವ ಕತ್ತರಿಯೂ ಬಂತು. ರೋಸಾಲ್ಬಾ ತಾನೇ ಒಂದು ಗುಂಗುರು ಕತ್ತರಿಸಿ, "ಶಭಾಷ್ ಕಣೋ," ಎಂದಾಗ ಲಾಲೊನಿಗೆ ಮೋಡದ ಮೇಲೆ ನಿಂತಂತಾಯಿತು.

"ಹಾಗಾದ್ರೆ ರಾತ್ರಿ ನನ್ನ ಜೊತೆ?" ಎಂದು ಮೊಟ್ಟೆ ಸೋರುವ ಮುಖದಲ್ಲೇ ಕೇಳಿದ.

"ನೋಡೋಣ," ಎಂದಳು ಅವಳು. "ಒವಿದಿಯೊಗೆ ಒಂದು ಸೀಟು, ನಿನಗೆ ಎರಡು. ಅಂತೂ ಯಾವುದು ಸೇರ್ತೀಯ?"

ಯಾವುದು? ಲಾಲೊನಿಗೆ ಆಗ ಅಮ್ಮನ ಮುಖ ನೆನಪಾಯಿತು, ಒಲೆಯ ಮೇಲೆ ಕರಗುತ್ತಿದ್ದ ಚೀಸ್ ನೆನಪಾಯಿತು. ಬೇಡಪ್ಪ ಆ ಮರಳೂ ಬೇಡ, ವಾಲಿಬಾಲೂ ಬೇಡ. ಸಂತ ಬ್ರುನೋನೇ ಸರಿ, ಅಮ್ಮನ ಹತ್ತಿರವೇ ಇದ್ದು ಅವಳಿಗೊಂದು ಅಂಗಡಿ ಹಾಕಿಕೊಡುತ್ತೇನೆ. ಎಷ್ಟೋ ತಿಂಗಳಿಂದ ಆಗದ ತೀರ್ಮಾನ ಕುದುರೆ ಮೆಷಿನ್ನಿನ ಕೆಳಗೆ ಒಂದೇ ಏಟಿಗೆ ಆಗಿಹೋಯಿತು. ಅವನು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮೆಷಿನ್ ಅರ್ಧ ತಲೆಯಲ್ಲಿ ಕಚ್ಚಿಕೊಂಡು ನಿಂತಿತು, ಅವನು "ಅಮ್ಮಾ!" ಎಂದು ಕಿರುಚಿದ. ಚರ್ಚಿನ ಗಂಟೆ ಐದು ಹೊಡೆಯತೊಡಗಿತು.

"ಫೋನು!" ಎಂದ ಲಾಲೊ.

ಅವನು ಹಾಗೆಯೇ ಓಡಿದ. ಎಡಗಡೆ ನುಣ್ಣಗೆ ಬೋಳು, ಬಲಗಡೆ ಭುಜದ ತನಕ ಗುಂಗುರು, ಕಿವಿಯ ಮೇಲೆ ಮೊಟ್ಟೆಯ ಸಿಪ್ಪೆ. ಹಿಂದೆ ಮೆಷಿನ್ ಹಿಡಿದ ಸಾರ್ಜೆಂಟರು, ಅವರ ಹಿಂದೆ ಫಿದೆನ್ಸಿಯೊ, ಅವನ ಹಿಂದೆ ಊಟದ ಮನೆಯ ಗಿರಾಕಿಗಳೆಲ್ಲ. ಕಾರ್ನಿವಲ್ ಮೆರವಣಿಗೆ ಬೇಗ ಹೊರಟಿತೆಂದು ತಿಳಿದು ಮಹಡಿಗಳ ಮೇಲಿನ ಮಕ್ಕಳು ಹಬ್ಬದ ವಾಡಿಕೆಯಂತೆ ಬಕೆಟ್ಟುಗಟ್ಟಲೆ ನೀರು ಸುರಿದವು. ಮೈದಾ ಮತ್ತು ಮೊಟ್ಟೆಗೆ ನೀರು ಸೇರಿದರೆ ಏನಾಗುತ್ತದೆಂದು ಅಡಿಗೆ ಬಲ್ಲವರಿಗೆ ಹೇಳಬೇಕಾಗಿಲ್ಲ. ಲಾಲೊ ಅಂಗಡಿ ಮುಟ್ಟುವಾಗ ಅವನಿಗೆ ಒಂದು ಕಣ್ಣಷ್ಟೇ ತೆರೆಯಲು ಬರುತ್ತಿತ್ತು.

"ಅತ್ತೆ! ಫೋನ್ ಬಂತಾ?"

"ಬಂತಪ್ಪ, ಈಗ ತಾನೆ. ಒಂದರ ಹಿಂದೆ ಒಂದು, ಎರಡು," ಎಂದಳು ಎದೆಲ್ಮೀರಾ, ಅವನ ಅವತಾರ ನೋಡಿ ಎದೆ ಮೇಲೆ ಶಿಲುಬೆ ಗುರುತು ಮಾಡಿಕೊಳ್ಳುತ್ತ. "ಮೊದಲು ಪಾದ್ರಿಗಳು. ಲಾಲೊ ನಮ್ಮಲ್ಲಿ ಸೇರ್ತಾನಾ ಅಂತ ಕೇಳಿದ್ರು. ನನಗೆ ಸಿಟ್ಟು ಬಂತು ನೋಡು! ಏನ್ರೀ ಇದು, ಸೀಟು ಸಿಗ್ಲಿಲ್ಲ ಅಂತ ಬೆಳಗ್ಗೆ ತಾನೆ ಆ ಮಗು ನನ್ನ ಮುಂದೆ ಕಣ್ಣೀರಿಟ್ಟಿದೆ, ಮತ್ತೆ ಮತ್ತೆ ಯಾಕ್ರೀ ಗೋಳು ಹೊಯ್ಕೋತೀರಾ, ನಿಮ್ಮ ಲಾಲೊ ಬೇರೆ ಯಾರೋ ಇರಬೇಕು, ನಮ್ಮವನಲ್ಲ ಅಂತ ಝಾಡಿಸಿಬಿಟ್ಟೆ. ಆಯ್ತಮ್ಮ, ಮುಂದಿನವರನ್ನ ತಗೋತೀವಿ ಅಂದ್ರು."

"ಮತ್ತೆ ತ್ರುಹಿಯೊ?"

"ಅವರಿಗೂ ಅದೇ ಮಾತು. ಆದ್ರೆ ಅವರು ಒಳ್ಳೆಯವರು. ಹಾಗಿದ್ರೆ ಕಾಯೋರ ಸಾಲಲ್ಲಿ ಮೊದಲನೆಯವನಿಗೆ ಕೊಡ್ತೀವಿ, ಅವನೂ ಇದೇ ನಂಬರ್ ಕೊಟ್ಟಿದಾನೆ, ಒವಿದಿಯೊ ಅಂತ ಅಂದ್ರು. ಇಲ್ಲೇ ಕ್ರೇಟಿನ ಮೇಲೆ ಕೂತಿದಾನಲ್ಲಾಂತ ಫೋನ್ ಅವನ ಕೈಗೆ ಕೊಟ್ಟೆ."

ಲಾಲೊ ಕ್ರೇಟಿನ ಕಡೆ ತಿರುಗಿದ. ಒವಿದಿಯೊ ಎದ್ದು ನಿಂತು ಹೊಳೆಯುವ ಬೋಳುತಲೆಯನ್ನು ಸವರಿಕೊಳ್ಳುತ್ತಿದ್ದ. ಮಂಗಳವಾರದಿಂದ ಅವನ ಮುಖದಲ್ಲಿ ಇಲ್ಲದ ನೆಮ್ಮದಿ ಈಗ ಇತ್ತು.

"ಹಾಗಾದ್ರೆ ಇಷ್ಟು ದಿನ ನಿನಗೆ ಸೀಟೇ ಇರ್ಲಿಲ್ವೇನೋ?" ಎಂದ ಲಾಲೊ.

"ಬರುತ್ತೆ ಅಂತ ನಂಬಿಕೆ ಇತ್ತು," ಎಂದ ಒವಿದಿಯೊ. "ತಲೆ ರೆಡಿ ಮಾಡಿಟ್ಕೊಂಡಿದ್ದೆ. ಬರ್ತೀನಿ, ರೋಸಾಲ್ಬಾ ಕಾಯ್ತಿರ್ತಾಳೆ."

ಲಾಲೊ ಫೋನಿಗೆ ಹಾರಿ ಎರಡೂ ಕಡೆಗೆ ಮತ್ತೆ ಮಾಡಿದ. ಬೇಡಿದ, ಅತ್ತ. ಸಂತ ಬ್ರುನೋದ ಪಾದ್ರಿಗಳು ಅವನಿಗಾಗಿ ಪ್ರಾರ್ಥನೆ ಮಾಡುವುದಾಗಿ ಹೇಳಿದರು. ತ್ರುಹಿಯೊದವರು ಮುಂದಿನ ವರ್ಷ ಬನ್ನಿ ಎಂದರು.

ಅವನು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತ. ಹಿಂದಿನಿಂದ ಬಂದ ಸಾರ್ಜೆಂಟರು, ಅರ್ಧಕ್ಕೆ ಬಿಟ್ಟರೆ ಪಡೆಗೇ ಅವಮಾನ ಎಂದು, ಉಳಿದ ಅರ್ಧವನ್ನೂ ಶ್ರದ್ಧೆಯಿಂದ ಬೋಳಿಸಿ ಮುಗಿಸಿದರು. ಆಗಲೇ ಕ್ಲೋರಿಂದಾ ಬೀದಿ ತುದಿಯಿಂದ ಬಂದಳು. ಮಗನ ತಲೆ ನೋಡಿ ಅವಳ ಮುಖ ಅರಳಿತು, ಎದೆಲ್ಮೀರಾ ವಿಷಯವನ್ನೆಲ್ಲ ಒಂದೇ ಉಸಿರಿಗೆ ಒದರಿದ ಮೇಲೆ ಬಾಡಿತು. ಲಾಲೊ ಚಪ್ಪಲಿಗೆ ಕಾದು ಕೂತ. ಈ ಸಲ ಅದು ನಿಜಕ್ಕೂ ಬಂತು.

ಆಮೇಲೆ ಅವಳು ಬಗ್ಗಿ, ಬೀದಿಯಲ್ಲೆಲ್ಲ ಚೆಲ್ಲಿದ್ದ ಗುಂಗುರುಗಳನ್ನು ಒಂದೊಂದಾಗಿ ಆಯ್ದು ಕರವಸ್ತ್ರದಲ್ಲಿ ಕಟ್ಟಿಕೊಂಡಳು.

"ಹರಕೆ ಹರಕೆನೇ," ಎಂದಳು ಮೂಗು ಒರೆಸಿಕೊಳ್ಳುತ್ತ. "ಮುಂದಿನ ವರ್ಷದ್ದು ಅಂತ ಮುಂಗಡ ಒಪ್ಪಿಸ್ತೀನಿ. ಮಧ್ಯಾಹ್ನ ಹೋಗಿ ನಿನ್ನ ಹೆಸರು ಮತ್ತೆ ಕೋಚಿಂಗ್ ಕ್ಲಾಸಿಗೆ ಹಚ್ಚಿ ಬಂದಿದೀನಿ. ಪುಣ್ಯ, ಅದೊಂದಾದ್ರೂ ಮಾಡಿದ್ದೆ."

ಸೋಮವಾರ ಲಾಲೊ ಕ್ಲಾಸಿಗೆ ಹೊರಟ. ಬಸ್ಸಿನಲ್ಲಿ ಕಂಡಕ್ಟರ್ ತಲೆ ಸವರಿ ಶುಭ ಕೋರಿದ. ಒಬ್ಬ ಮುದುಕಿ ಎದ್ದು ಸೀಟು ಬಿಟ್ಟುಕೊಟ್ಟಳು, ಅದೊಂದು ಸೀಟು ಅವನಿಗೆ ಖಂಡಿತ ಸಿಕ್ಕಿತು. ಕ್ಲಾಸಿನಲ್ಲಿ ಹೊಸ ಮೇಷ್ಟ್ರು ಅವನ ಬೋಳುತಲೆಯನ್ನು ಕಂಡದ್ದೇ ಎರಡೂ ಕೈ ಚಾಚಿ ಬಂದರು.

"ಬಾ ಬಾ, ಹಳೇ ವಿದ್ಯಾರ್ಥಿನಾ? ಎಷ್ಟು ಒಳ್ಳೆಯವನಪ್ಪ, ಗೆದ್ದ ಮೇಲೂ ನಮ್ಮನ್ನ ಮರೀಲಿಲ್ಲ. ಇವರಿಗೊಂದೆರಡು ಬುದ್ಧಿಮಾತು ಹೇಳು," ಎಂದು ಅವನನ್ನು ಬಾಯಿ ಬಿಡಲೂ ಬಿಡದೆ ಎಳೆದೊಯ್ದು ಕಪ್ಪುಹಲಗೆಯ ಮುಂದೆ ನಿಲ್ಲಿಸಿದರು.

ಕೂದಲು ತುಂಬಿದ ಐವತ್ತು ತಲೆಗಳು ಆಸೆಯಿಂದ ಅವನನ್ನೇ ನೋಡಿದವು. ಮೊದಲ ಬೆಂಚಿನ ಒಬ್ಬ ಹುಡುಗಿ ಕೈ ಎತ್ತಿದಳು.

"ಅಣ್ಣಾ, ವ್ಯಾಪಾರದ ಡಿಗ್ರಿಗೆ ಎರಡು ಕಡೆ ಸೀಟು ಸಿಕ್ಕಿದ್ರೆ ಯಾವುದನ್ನ ಆರಿಸ್ಕೋಬೇಕು?"

ಲಾಲೊ ತಣ್ಣಗಿದ್ದ ನೆತ್ತಿಯನ್ನು ಒಮ್ಮೆ ಸವರಿಕೊಂಡ.

"ಯಾವುದಾದ್ರೂ ಆಗ್ಲಿ ತಂಗಿ," ಎಂದ. "ಫೋನ್ ಮಾತ್ರ ನೀನೇ ಎತ್ತು."